ಒಂದು ಕರೆ ದಾರಿ ಹುಡುಕುವುದನ್ನು ಕಣ್ಣಾರೆ ಕಂಡೆ

ನಾನು ಕೆಲಸಕ್ಕೆ ಸೇರಿದ್ದು ಘಟ್ಟದ ಅಂಚಿನ ಒಂದು ತಾಲ್ಲೂಕು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಆಪರೇಟರ್ ಆಗಿ. ಎದುರಿಗೆ ಮರದ ಬೋರ್ಡು, ತಲೆಗೆ ಹೆಡ್‌ಸೆಟ್ಟು, ಮೇಜಿನ ಮೇಲೆ ಸಾಲಾಗಿ ನಿಂತ ಹಿತ್ತಾಳೆ ಪ್ಲಗ್ಗುಗಳು. ಕಾಫಿ ತೋಟದ ಬಂಗಲೆಯಲ್ಲಿ ಯಾರಾದರೂ ಫೋನಿನ ಹಿಡಿಯನ್ನು ಗರಗರ ತಿರುಗಿಸಿದರೆ ಬೋರ್ಡಿನ ಮೇಲೆ ಆ ನಂಬರಿನ ಪುಟ್ಟ ಶಟರು ಟಪ್ಪೆಂದು ಬೀಳುತ್ತಿತ್ತು. ಅದರ ಜಾಕಿಗೆ, ಅಂದರೆ ಆ ಮನೆಯ ತಂತಿ ಬಂದು ಸೇರುವ ತೂತಿಗೆ, ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಎನ್ನುತ್ತಿದ್ದೆ. ಅವರು ನಂಬರ್ ಹೇಳುತ್ತಿದ್ದದ್ದು ಕಡಿಮೆ. "ಡಾಕ್ಟ್ರ ಮನೆಗೆ ಕೊಡಮ್ಮ" ಎಂದರೆ ಸಾಕು. ಆ ಹೊತ್ತಿನಲ್ಲಿ ಡಾಕ್ಟರು ಮನೆಯಲ್ಲಿರುವುದಿಲ್ಲ, ಆಸ್ಪತ್ರೆಯಲ್ಲಿರುತ್ತಾರೆ ಎಂದು ನನಗೆ ಗೊತ್ತಿರುತ್ತಿತ್ತು. ಅಲ್ಲಿಗೇ ಕೊಡುತ್ತಿದ್ದೆ.

ಆ ಕೆಲಸವನ್ನು ಬಿಡಿಸಿ ನೋಡಿದರೆ ಏಳು ತುಂಡು ಸಿಗುತ್ತವೆ. ಯಾರು ಕರೆಯುತ್ತಿದ್ದಾರೆಂದು ಗಮನಿಸುವುದು. ಯಾರು ಬೇಕೆಂದು ಕೇಳಿಸಿಕೊಳ್ಳುವುದು. ಕೇಳಿದ್ದನ್ನು ಒಂದೆರಡು ಗಳಿಗೆ ನೆನಪಿಟ್ಟುಕೊಳ್ಳುವುದು. ಬೇಕಾದವರ ಜಾಕನ್ನು ಹುಡುಕುವುದು. ಅದು ಎಂಗೇಜೋ ಖಾಲಿಯೋ ಎಂದು ಪರೀಕ್ಷಿಸುವುದು. ಜೋಡಿಸಿ ಗಂಟೆ ಬಾರಿಸುವುದು. ಮಾತು ಮುಗಿದಾಗ ಬಿಡಿಸುವುದು. ಇಷ್ಟನ್ನೂ ಮನುಷ್ಯರ ಕೈಯಿಲ್ಲದೆ, ಕಂಪ್ಯೂಟರೂ ಇಲ್ಲದೆ, ಬರೀ ಕಬ್ಬಿಣ, ತಾಮ್ರ, ಹಿತ್ತಾಳೆಗಳಿಂದ ಮಾಡಿಸುವುದು ಹೇಗೆ? ಮೂವತ್ತಕ್ಕೂ ಹೆಚ್ಚು ವರ್ಷ ಇಲಾಖೆಯಲ್ಲಿ ದುಡಿದರೂ ನನಗೆ ಇದು ಸರಿಯಾಗಿ ತಿಳಿದಿರಲಿಲ್ಲ. ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂದಾಗ ನಮ್ಮನ್ನು ಬೇರೆ ಕೋಣೆಗೆ ಕಳಿಸಿದರು. ಆ ಯಂತ್ರಗಳಿದ್ದ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು, ಧೂಳು ಹೋಗಬಾರದೆಂದು.

ಆ ಬಾಗಿಲು ನನಗೆ ತೆರೆದದ್ದು ಅಮೆರಿಕದ ಸಿಯಾಟಲ್‌ನಲ್ಲಿ.

ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಒಂದು ಭಾನುವಾರ ಕಾರಿನಲ್ಲಿ ಕರೆದುಕೊಂಡು ಹೋದರು. ಜಾರ್ಜ್‌ಟೌನ್ ಎಂಬ ಹಳೆಯ ಕೈಗಾರಿಕಾ ಬಡಾವಣೆ. ಬೋಯಿಂಗ್ ಕಂಪನಿ ಸ್ಥಾಪಿಸಿದವನ ಹೆಸರಿನ ವಿಮಾನ ನಿಲ್ದಾಣದ ಪಕ್ಕದಲ್ಲೇ ಈಸ್ಟ್ ಮಾರ್ಜಿನಲ್ ವೇ ಎಂಬ ರಸ್ತೆ, ಅದರ ಬದಿಗೆ ಅಷ್ಟೇನೂ ಗಮನ ಸೆಳೆಯದ ಟೆಲಿಫೋನ್ ಕಟ್ಟಡ. ಅದರ ಮೇಲಿನ ಮಹಡಿಗಳಲ್ಲಿದೆ ಕನೆಕ್ಷನ್ಸ್ ಮ್ಯೂಸಿಯಂ. ತೆರೆದಿರುವುದು ಭಾನುವಾರಗಳಂದು, ಕೆಲವೇ ಗಂಟೆ. ನಡೆಸುವವರು ಸ್ವಯಂಸೇವಕರು, ಅವರಲ್ಲಿ ಟೆಲಿಫೋನ್ ಕಂಪನಿಯಿಂದ ನಿವೃತ್ತರಾದವರೂ ಇದ್ದಾರೆ. ಇಲ್ಲಿನ ಯಂತ್ರಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಅವು ಓಡುತ್ತವೆ. ಒಂದು ಫೋನೆತ್ತಿ ಡಯಲ್ ಮಾಡಿದರೆ ಕೋಣೆಯ ಇನ್ನೊಂದು ಮೂಲೆಯ ಫೋನು ರಿಂಗಾಗುತ್ತದೆ, ನಡುವೆ ಆಗುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಸಿಯಾಟಲ್ ಕಡೆ ಇರುವ ಕನ್ನಡಿಗರು ಬೇಕಾದಷ್ಟು ಜನ. ಊರಿಂದ ಅಪ್ಪ ಅಮ್ಮ ಬಂದಾಗ ಜಲಪಾತ, ಗೋಪುರ ತೋರಿಸುತ್ತಾರೆ. ಇದನ್ನೂ ತೋರಿಸಬೇಕು ಎಂಬುದು ನನ್ನ ಆಸೆ.

ಮೊದಲು ಒಂದು ಮೂಲಭೂತ ಪ್ರಶ್ನೆ. ಎಕ್ಸ್‌ಚೇಂಜ್ ಯಾಕೆ ಬೇಕು? ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಪೇಟೆಂಟ್ ಸಿಕ್ಕಿದ್ದು 1876ರ ಮಾರ್ಚಿನಲ್ಲಿ. ಆಗ ಫೋನೆಂದರೆ ಎರಡು ಪೆಟ್ಟಿಗೆ, ನಡುವೆ ತಂತಿ. ಮೂರು ಮನೆಗಳಿದ್ದರೆ ಮೂರು ತಂತಿ ಬೇಕು, ನಾಲ್ಕಿದ್ದರೆ ಆರು. ನೂರು ಮನೆಗಳಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಮಾತಾಡಬೇಕಾದರೆ 4,950 ತಂತಿ. ಹತ್ತು ಸಾವಿರ ಮನೆಯ ಪಟ್ಟಣಕ್ಕಾದರೆ ಸುಮಾರು ಐದು ಕೋಟಿ! ಅದರ ಬದಲು ಎಲ್ಲರ ತಂತಿಯನ್ನೂ ಒಂದೇ ಜಾಗಕ್ಕೆ ಎಳೆದುತಂದು, ಬೇಕಾದಾಗ ಬೇಕಾದ ಎರಡನ್ನು ಮಾತ್ರ ಕೂಡಿಸಿದರೆ ಹತ್ತು ಸಾವಿರ ಜೋಡಿ ತಂತಿಯಲ್ಲಿ ಕೆಲಸ ಮುಗಿಯುತ್ತದೆ. 1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್‌ನಲ್ಲಿ 21 ಚಂದಾದಾರರೊಂದಿಗೆ ಇಂಥ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ಶುರುವಾಯಿತು. ನಾಲ್ಕೇ ವರ್ಷಕ್ಕೆ, 1882ರ ಜನವರಿಯಲ್ಲಿ, ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಿಗೂ ಬಂತು. ಫೋನಿನ ಚರಿತ್ರೆ ಎಂದಾಗ ಜನ ಮಾತಾಡುವ ಪೆಟ್ಟಿಗೆಯ ಚರಿತ್ರೆ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಕಥೆಯೂ ಅಲ್ಲ. ಕಥೆಯ ತಿರುಳು ಇರುವುದು ನಡುವಿನ ಆ ಕೋಣೆಯಲ್ಲಿ.

ಇನ್ನು ತಂತಿಯ ವಿಷಯ. ಪ್ರತಿ ಮನೆಗೂ ಎಕ್ಸ್‌ಚೇಂಜಿನಿಂದ ಎರಡು ತಂತಿ ಬರುತ್ತವೆ. ಅಲ್ಲಿನ ದೊಡ್ಡ ಬ್ಯಾಟರಿಗಳು ಅವಕ್ಕೆ 48 ವೋಲ್ಟ್ ಕೊಟ್ಟಿರುತ್ತವೆ. (ಮನೆಯಲ್ಲಿ ಕರೆಂಟು ಹೋದರೂ ಹಳೆಯ ಫೋನು ಬದುಕಿರುತ್ತಿದ್ದದ್ದು ಇದರಿಂದಲೇ.) ರಿಸೀವರ್ ಕೆಳಗಿದ್ದಾಗ ಹಾದಿ ಕಡಿದಿರುತ್ತದೆ, ವಿದ್ಯುತ್ ಹರಿಯುವುದಿಲ್ಲ. ಎತ್ತಿದ ಕೂಡಲೇ ಹಾದಿ ಕೂಡಿಕೊಂಡು ಸಣ್ಣ ಪ್ರವಾಹ ಹರಿಯುತ್ತದೆ. ಆ ಪ್ರವಾಹ ಎಕ್ಸ್‌ಚೇಂಜಿನಲ್ಲಿ ಒಂದು ರಿಲೇಯನ್ನು ಎಳೆಯುತ್ತದೆ. ರಿಲೇ ಎಂದರೆ ಹೆಚ್ಚೇನಿಲ್ಲ: ತಂತಿ ಸುತ್ತಿದ ಒಂದು ಕಬ್ಬಿಣದ ತುಂಡು, ಅದರ ಮುಂದೆ ಅಲುಗಾಡುವ ಇನ್ನೊಂದು ತುಂಡು, ಅದಕ್ಕೆ ತಗುಲಿದ ಲೋಹದ ಪಟ್ಟಿಗಳು. ಸುರುಳಿಗೆ ವಿದ್ಯುತ್ ಬಂದರೆ ಪಟ್ಟಿಗಳು ಕೂಡುತ್ತವೆ, ಹೋದರೆ ಬಿಡುತ್ತವೆ. ಒಂದು ರಿಲೇ ಇನ್ನೊಂದನ್ನು ಎಳೆಯಬಹುದು, ತನ್ನನ್ನು ತಾನೇ ಹಿಡಿದುಕೊಂಡೂ ಕೂರಬಹುದು. ಹಾಗೆ ಹಿಡಿದುಕೊಂಡು ಕೂತ ರಿಲೇಯೇ ಯಂತ್ರದ ನೆನಪು. ಈ ಒಂದು ಮಾತು ಅರ್ಥವಾದರೆ ಮುಂದಿನದೆಲ್ಲ ಅರ್ಥವಾದಂತೆ.

ಡಯಲ್ ಮಾಡುವುದೆಂದರೆ ಇದೇ ಹಾದಿಯನ್ನು ಕಡಿದು ಕಡಿದು ಕೂಡಿಸುವುದು. ಬೆರಳಿಟ್ಟು ತಿರುಗಿಸುವಾಗ ಏನೂ ಆಗುವುದಿಲ್ಲ. ಬಿಟ್ಟ ಮೇಲೆ ಡಯಲ್ಲು ತನ್ನಷ್ಟಕ್ಕೆ ಹಿಂದಿರುಗುವಾಗ ಸೆಕೆಂಡಿಗೆ ಹತ್ತರ ವೇಗದಲ್ಲಿ ಪ್ರವಾಹ ತುಂಡಾಗುತ್ತದೆ. 3ಕ್ಕೆ ಮೂರು ಸಲ, 9ಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ನಮ್ಮಲ್ಲಿ ಫೋನ್ ಬಿಲ್ಲಿಗೆ ಹೆದರಿ ಡಯಲಿಗೆ ಪುಟ್ಟ ಬೀಗ ಹಾಕಿಡುತ್ತಿದ್ದರಲ್ಲ, ಹುಡುಗರು ರಿಸೀವರ್ ಇಡುವ ಗುಂಡಿಯನ್ನೇ ಟಕಟಕ ತಟ್ಟಿ ಫೋನ್ ಮಾಡುತ್ತಿದ್ದರು. ಎಕ್ಸ್‌ಚೇಂಜಿಗೆ ಎರಡೂ ಒಂದೇ. ಹಾದಿ ಎಷ್ಟು ಸಲ ಕಡಿಯಿತು ಎನ್ನುವುದಷ್ಟೇ ಅದಕ್ಕೆ ಬೇಕು.

ಮ್ಯೂಸಿಯಂನಲ್ಲಿ ಪ್ರವಾಹದ ಈ ತುಂಡುಗಳನ್ನು ಮೂರು ತಲೆಮಾರಿನ ಯಂತ್ರಗಳು ಮೂರು ಬಗೆಯಲ್ಲಿ ಎಣಿಸುತ್ತವೆ.

ಮೊದಲನೆಯದು ಸ್ಟ್ರೋಜರ್ ಯಂತ್ರ. ಅಮೆರಿಕದವರು ಸ್ಟೆಪ್ ಬೈ ಸ್ಟೆಪ್ ಎನ್ನುತ್ತಾರೆ. ಆಲ್ಮನ್ ಸ್ಟ್ರೋಜರ್ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದವನು. ಆಪರೇಟರುಗಳು ತನಗೆ ಬರಬೇಕಾದ ಕರೆಗಳನ್ನು ಪ್ರತಿಸ್ಪರ್ಧಿಗೆ ಕೊಡುತ್ತಿದ್ದಾರೆ ಎಂಬ ಅನುಮಾನ ಅವನಿಗೆ ಇತ್ತೆಂದು ಹೇಳುತ್ತಾರೆ. ಆಪರೇಟರೇ ಇಲ್ಲದ ಎಕ್ಸ್‌ಚೇಂಜಿಗೆ 1891ರಲ್ಲಿ ಪೇಟೆಂಟ್ ಪಡೆದ. 1892ರ ನವೆಂಬರಿನಲ್ಲಿ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಅದು ಕೆಲಸ ಶುರುಮಾಡಿತು. ಆಪರೇಟರಾಗಿದ್ದ ನನಗೆ ಈ ಕಥೆ ಕೇಳಲು ಹಿತವಲ್ಲ. ಆದರೆ ಯಂತ್ರದ ಮುಂದೆ ನಿಂತಾಗ ಅವನ ಬಗ್ಗೆ ಗೌರವವೇ ಹುಟ್ಟಿತು.

ನೋಡಲು ಅದು ಕೊಳವೆಯಂಥ ಒಂದು ಡಬ್ಬಿ. ಒಳಗೆ ನಿಂತ ಸರಳು, ಅದರ ಸುತ್ತ ಅರ್ಧಚಂದ್ರಾಕಾರದಲ್ಲಿ ಹತ್ತು ಅಂತಸ್ತು, ಅಂತಸ್ತಿಗೆ ಹತ್ತು ಮೊಳೆಗಳಂತೆ ನೂರು ಸಂಪರ್ಕಗಳು. ನೀವು 4 ಡಯಲ್ ಮಾಡಿದರೆ ಸರಳು ಟಕ್ ಟಕ್ ಟಕ್ ಟಕ್ ಎಂದು ನಾಲ್ಕು ಮೆಟ್ಟಿಲು ಏರುತ್ತದೆ. ಮುಂದೆ 2 ಡಯಲ್ ಮಾಡಿದರೆ ಅಲ್ಲೇ ಅಡ್ಡಕ್ಕೆ ಎರಡು ಹೆಜ್ಜೆ ತಿರುಗುತ್ತದೆ. ಸಿಕ್ಕಿತು, 42ನೇ ಮನೆ. ನಾಲ್ಕಂಕಿಯ ನಂಬರಾದರೆ ಮೊದಲ ಎರಡು ಅಂಕಿಗೆ ಒಂದೊಂದು ಡಬ್ಬಿ. ಅವು ಅಂಕಿಯಷ್ಟು ಏರಿ, ಆಮೇಲೆ ತಾವೇ ಅಡ್ಡಕ್ಕೆ ತಿರುಗುತ್ತ ಮುಂದಿನ ಡಬ್ಬಿಗೆ ಹೋಗುವ ಖಾಲಿ ದಾರಿಯನ್ನು ತಡಕಾಡುತ್ತವೆ, ಬೆರಳು ಮುಂದಿನ ಅಂಕಿಗೆ ಹೋಗುವಷ್ಟರಲ್ಲಿ. ರಿಸೀವರ್ ಇಟ್ಟರೆ ಎಲ್ಲ ಡಬ್ಬಿಗಳ ಸರಳೂ ಒಟ್ಟಿಗೇ ಜಾರಿ ಕೆಳಗೆ ಬೀಳುತ್ತವೆ.

ಇಲ್ಲಿ ನೆನಪು ಎಲ್ಲಿದೆ? ಇಲ್ಲವೇ ಇಲ್ಲ. ನಿಮ್ಮ ಬೆರಳೇ ಆ ಸರಳನ್ನು ದೂರದಿಂದ ಎತ್ತುತ್ತಿದೆ. ಸರಳತೆ ಇದರ ಬಲ. ದೋಷವೂ ಅದರಲ್ಲೇ ಇದೆ. ನಂಬರ್ ಹೇಗಿದೆಯೋ ಯಂತ್ರದ ಒಳಗಿನ ದಾರಿಯೂ ಹಾಗೇ ಇರಬೇಕು. ದಾರಿ ನಡುವೆ ಕಟ್ಟಿಕೊಂಡಿದ್ದರೆ ಬೇರೆ ದಾರಿಯಲ್ಲಿ ಹೊಸದಾಗಿ ಹೊರಡಲು ಆಗುವುದಿಲ್ಲ, ಏಕೆಂದರೆ ಆಗಲೇ ಡಯಲ್ ಮಾಡಿದ ಅಂಕಿಯನ್ನು ಯಾರೂ ಬರೆದಿಟ್ಟುಕೊಂಡಿಲ್ಲ.

ಭಾರತದಲ್ಲಿ ಮೊದಲ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂದದ್ದು 1913–14ರಲ್ಲಿ ಶಿಮ್ಲಾಕ್ಕೆ, 700 ಲೈನಿನದು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಇಂಗ್ಲೆಂಡಿನ ತಂತ್ರಜ್ಞಾನ ತಂದು ಸ್ಟ್ರೋಜರ್ ಡಬ್ಬಿಗಳನ್ನು ಮಾಡಿದ್ದು ಇದೇ ಕಾರ್ಖಾನೆ. ದೂರವಾಣಿನಗರ ಎಂಬ ಹೆಸರು ಬೆಂಗಳೂರಿನ ನಕ್ಷೆಯಲ್ಲಿ ಉಳಿದಿರುವುದು ಅದರಿಂದ. ಸಿಯಾಟಲ್‌ನ ಆ ಡಬ್ಬಿಯ ಸದ್ದು ಕೇಳಿದಾಗ ನನಗೆ ಥಟ್ಟನೆ ಪರಿಚಯ ಸಿಕ್ಕಿತು. ಜಿಲ್ಲಾ ಕೇಂದ್ರದಲ್ಲಿದ್ದಾಗ ಮುಚ್ಚಿದ ಬಾಗಿಲಿನ ಆಚೆಯಿಂದ ದಿನವಿಡೀ ಕೇಳುತ್ತಿದ್ದದ್ದು ಇದೇ ಸದ್ದು, ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ.

ಎರಡನೆಯ ಯಂತ್ರದ ಮುಂದೆ ನಾನು ಒಂದು ಗಂಟೆಗೂ ಹೆಚ್ಚು ನಿಂತೆ. ಅದರ ಹೆಸರು ಪ್ಯಾನೆಲ್. ಭಾರತಕ್ಕೆ ಇದು ಬಂದೇ ಇಲ್ಲ. ಬೆಲ್ ಕಂಪನಿ ಅಮೆರಿಕದ ದೊಡ್ಡ ನಗರಗಳಿಗಾಗಿ ರೂಪಿಸಿದ್ದು. ಮೊದಲ ಪೂರ್ಣ ಆಟೋಮ್ಯಾಟಿಕ್ ಪ್ಯಾನೆಲ್ ಎಕ್ಸ್‌ಚೇಂಜ್ 1921ರಲ್ಲಿ ಒಮಾಹಾದಲ್ಲಿ ಆರಂಭವಾಯಿತು. ಮ್ಯೂಸಿಯಂನಲ್ಲಿರುವುದು ಸಿಯಾಟಲ್ ನಗರಕ್ಕೇ 1923ರಲ್ಲಿ ಹಾಕಿದ್ದು, 1970ರ ದಶಕದವರೆಗೂ ದುಡಿದದ್ದು. ಇಡೀ ಜಗತ್ತಿನಲ್ಲಿ ಇವತ್ತಿಗೂ ಓಡುವ ಪ್ಯಾನೆಲ್ ಯಂತ್ರ ಇದೊಂದೇ.

ಆಳೆತ್ತರಕ್ಕಿಂತ ದೊಡ್ಡ ಚೌಕಟ್ಟು. ಅದರಲ್ಲಿ ಒಂದರ ಮೇಲೊಂದು ಐದು ಹಲಗೆಗಳಂಥವು. ಹತ್ತಿರ ಹೋಗಿ ನೋಡಿದರೆ ಅವು ಹಲಗೆಗಳಲ್ಲ, ಮುನ್ನೂರು ಹಿತ್ತಾಳೆ ಪಟ್ಟಿಗಳನ್ನು ನಡುನಡುವೆ ಕಾಗದವಿಟ್ಟು ಪುಸ್ತಕದ ಹಾಳೆಗಳಂತೆ ಅಡುಕಿದ್ದು. ಒಬ್ಬ ಚಂದಾದಾರನಿಗೆ ಮೂರು ಪಟ್ಟಿ, ಹಾಗಾಗಿ ಒಂದು ಹಲಗೆಗೆ ನೂರು ಲೈನು, ಒಂದು ಚೌಕಟ್ಟಿಗೆ ಐನೂರು. ಹಲಗೆಗಳ ಮುಂದೆ ಮೂವತ್ತು, ಹಿಂದೆ ಮೂವತ್ತು ಉದ್ದ ಸರಳುಗಳು ನಿಂತಿವೆ. ಕೆಳಗೆ ಮೋಟಾರು ಕಾರ್ಕ್ ಹೊದಿಸಿದ ಉರುಳೆಗಳನ್ನು ಸದಾ ತಿರುಗಿಸುತ್ತಿರುತ್ತದೆ. ಒಂದು ಸರಳು ಏರಬೇಕಾದಾಗ ವಿದ್ಯುತ್ಕಾಂತ ಅದನ್ನು ತಿರುಗುವ ಕಾರ್ಕಿಗೆ ಒತ್ತುತ್ತದೆ, ಅಷ್ಟೇ. ಕಾರ್ಕಿನ ಹಿಡಿತಕ್ಕೆ ಸಿಕ್ಕ ಸರಳು ಸುಂಯ್ಯೆಂದು ಮೇಲೇರುತ್ತದೆ. ಇಳಿಸುವುದಕ್ಕೆ ಎದುರು ದಿಕ್ಕಿಗೆ ತಿರುಗುವ ಇನ್ನೊಂದು ಉರುಳೆ.

ಆ ವೇಗದಲ್ಲಿ ಏರುವ ಸರಳನ್ನು ಸರಿಯಾದ ಪಟ್ಟಿಯ ಮುಂದೆ ನಿಲ್ಲಿಸುವುದು ಹೇಗೆ? ಡಯಲಿನ ತುಂಡುಗಳು ಸೆಕೆಂಡಿಗೆ ಹತ್ತು, ಸರಳಿನ ವೇಗಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಇಲ್ಲಿ ಬೆರಳಿಗೂ ಸರಳಿಗೂ ನಡುವೆ ಒಬ್ಬ ಮಧ್ಯಸ್ಥನಿದ್ದಾನೆ. ಹೆಸರು ಸೆಂಡರ್. ನೂರಾರು ರಿಲೇಗಳ ಒಂದು ಕಂತೆ. ರಿಸೀವರ್ ಎತ್ತಿದಾಗ ಖಾಲಿ ಇರುವ ಒಂದು ಸೆಂಡರ್ ಬಂದು ಕೂಡಿಕೊಂಡು ಡಯಲ್ ಟೋನ್ ಕೊಡುತ್ತದೆ. ನಮ್ಮ "ನಂಬರ್ ಪ್ಲೀಸ್" ಅದೇ. ನೀವು ಡಯಲ್ ಮಾಡಿದ್ದನ್ನೆಲ್ಲ ಅದು ರಿಲೇಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಸರಳಿಗೆ ಹೊರಡು ಎನ್ನುತ್ತದೆ. ಸರಳು ಏರುತ್ತ ಪ್ರತಿ ಮೆಟ್ಟಿಲಿಗೆ ಒಂದೊಂದು ಮಿಡಿತವನ್ನು ಹಿಂದಕ್ಕೆ ಕಳಿಸುತ್ತದೆ. ಸೆಂಡರ್ ಎಣಿಸುತ್ತದೆ. ಬೇಕಾದಷ್ಟಾದಾಗ ಹಾದಿ ಕಡಿಯುತ್ತದೆ, ಸರಳು ನಿಲ್ಲುತ್ತದೆ.

ನಮ್ಮ ಕಣದಲ್ಲಿ ಭತ್ತ ಅಳೆಯುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಳೆಯುವವನು ಕೊಳಗ ತುಂಬಿ ಸುರಿಯುತ್ತ "ಲಾಭ... ಎರಡು... ಮೂರು..." ಎಂದು ಗಟ್ಟಿಯಾಗಿ ಕೂಗುತ್ತಾನೆ. ಎಷ್ಟು ಬೇಕೆಂದು ಅವನಿಗೆ ಗೊತ್ತಿಲ್ಲ. ಜಗಲಿಯ ಮೇಲೆ ಕೂತ ಯಜಮಾನನಿಗೆ ಭತ್ತ ಕಾಣುವುದಿಲ್ಲ, ಲೆಕ್ಕ ಮಾತ್ರ ಗೊತ್ತು. ಬೇಕಾದಷ್ಟಾದಾಗ "ಸಾಕು" ಎನ್ನುತ್ತಾನೆ. ಪ್ಯಾನೆಲ್ ಯಂತ್ರದಲ್ಲಿ ಸರಳೇ ಅಳೆಯುವವನು, ಸೆಂಡರೇ ಯಜಮಾನ. ಯಂತ್ರ ಎಷ್ಟು ವೇಗವಾಗಿ ಓಡಿದರೂ, ಕಾರ್ಕು ಸವೆದು ನಿಧಾನವಾದರೂ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಎಣಿಸುವುದು ಹೊತ್ತನ್ನಲ್ಲ, ಮೆಟ್ಟಿಲನ್ನು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು, ಯಂತ್ರದ ನಿಜವಾದ ಚಮತ್ಕಾರ ಅಲ್ಲಿದೆ. ನಾವು ನಂಬರನ್ನು ಹತ್ತರ ಲೆಕ್ಕದಲ್ಲಿ ಹೇಳುತ್ತೇವೆ. ಯಂತ್ರ ಇರುವುದು ಐನೂರರ ಚೌಕಟ್ಟುಗಳಲ್ಲಿ. ಹತ್ತು ಸಾವಿರ ನಂಬರಿಗೆ ಇಪ್ಪತ್ತು ಚೌಕಟ್ಟು. 6789 ಬೇಕು ಎನ್ನಿ. ಸೆಂಡರ್ ಅದನ್ನು ತನ್ನ ಮನೆಯ ಲೆಕ್ಕಕ್ಕೆ ಒಡೆಯುತ್ತದೆ: ಎರಡು ಸಾವಿರದ ಕಂತು ಮೂರು, ಐನೂರರದು ಒಂದು, ನೂರರದು ಎರಡು, ಹತ್ತರದು ಎಂಟು, ಬಿಡಿ ಒಂಬತ್ತು. ಕೂಡಿಸಿ ನೋಡಿ: 6000, 500, 200, 80, 9. ಸೊನ್ನೆಯೂ ಒಂದು ಜಾಗವಾದ್ದರಿಂದ ಎಲ್ಲಕ್ಕೂ ಒಂದೊಂದು ಸೇರಿಸಿ 4, 2, 3, 9, 10 ಮಿಡಿತಗಳನ್ನು ಎಣಿಸುತ್ತದೆ. ಮೊದಲ ಎರಡು ಎಣಿಕೆ ಇಪ್ಪತ್ತರಲ್ಲಿ ಯಾವ ಚೌಕಟ್ಟು ಎಂದು ತೀರ್ಮಾನಿಸುತ್ತವೆ. ಮೂರನೆಯದು ಅದರ ಐದು ಹಲಗೆಗಳಲ್ಲಿ ಯಾವುದು ಎಂದು. ಉಳಿದೆರಡು ಆ ಹಲಗೆಯಲ್ಲಿ ಪಟ್ಟಿಯನ್ನು ಹಿಡಿಯುತ್ತವೆ.

ಇದನ್ನು ಅಲ್ಲಿದ್ದ ಸ್ವಯಂಸೇವಕಿ ಕಾಗದದ ಮೇಲೆ ಬರೆದು ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಜನರು ಹೇಳುವ ನಂಬರು ಬೇರೆ, ಯಂತ್ರ ನಡೆಯುವ ದಾರಿ ಬೇರೆ, ನಡುವೆ ನೆನಪಿಟ್ಟುಕೊಂಡು ಭಾಷಾಂತರ ಮಾಡುವ ಒಂದು ಕಂತೆ. ಕಂಪ್ಯೂಟರ್ ಎಂಬ ಯಂತ್ರ ಬರುವುದಕ್ಕೆ ಎರಡು ದಶಕ ಮೊದಲು, ಹಿತ್ತಾಳೆ ಮತ್ತು ಕಾರ್ಕಿನಲ್ಲಿ ಈ ವಿಚಾರ ಸದ್ದು ಮಾಡುತ್ತ ಓಡಾಡುತ್ತಿತ್ತು. "ಡಾಕ್ಟ್ರ ಮನೆಗೆ ಕೊಡಮ್ಮ" ಎಂದಾಗ ನಾನು ಮಾಡುತ್ತಿದ್ದದ್ದೂ ಭಾಷಾಂತರವೇ. ಹೆಸರನ್ನು ಜಾಕಾಗಿ ಬದಲಿಸುತ್ತಿದ್ದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಹಗಲೂ ರಾತ್ರಿ ತಿರುಗುವ ಮೋಟಾರು, ಸವೆಯುವ ಕಾರ್ಕು, ಪಟ್ಟಿಗಳ ಮೇಲೆ ಉಜ್ಜಿ ಉಜ್ಜಿ ಉದುರುವ ಲೋಹದ ಪುಡಿ, ಅದರಿಂದ ಮಾತಿನ ನಡುವೆ ಕರಕರ ಸದ್ದು. ಎಣ್ಣೆ ಹಾಕುವವರು, ಒರೆಸುವವರು ಸದಾ ಬೇಕು. ಇವತ್ತೂ ಅದು ಓಡುತ್ತಿರುವುದು ಸ್ವಯಂಸೇವಕರು ರಿಲೇಗಳನ್ನು ಒಂದೊಂದಾಗಿ ಶುಚಿ ಮಾಡಿ, ಹಳೆಯ ನಕ್ಷೆಗಳನ್ನು ಓದಿ ಓದಿ ತಪ್ಪು ಹಿಡಿಯುವುದರಿಂದ.

ಮೂರನೆಯದು ಕ್ರಾಸ್‌ಬಾರ್. ಮೂಲ ವಿಚಾರ ಬೆಳೆದದ್ದು ಸ್ವೀಡನ್ನಿನಲ್ಲಿ, ಬೆಲ್ ಕಂಪನಿಯ ದೊಡ್ಡ ನಗರದ ಕ್ರಾಸ್‌ಬಾರ್ ಕೆಲಸ ಶುರುಮಾಡಿದ್ದು 1938ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಇಲ್ಲಿ ಏರುವ ಸರಳಿಲ್ಲ, ತಿರುಗುವ ಮೋಟಾರಿಲ್ಲ. ಕಿಟಕಿಯ ಜಾಲರಿಯಂತೆ ಅಡ್ಡ ಪಟ್ಟಿ, ಉದ್ದ ಪಟ್ಟಿ. ಅಡ್ಡ ಪಟ್ಟಿ ತುಸು ವಾಲಿ ಒಂದು ತಂತಿಬೆರಳನ್ನು ಮೇಲಕ್ಕೋ ಕೆಳಕ್ಕೋ ಚಾಚುತ್ತದೆ. ಉದ್ದ ಪಟ್ಟಿ ಬಂದು ಆ ಬೆರಳನ್ನು ಒತ್ತಿ ಹಿಡಿಯುತ್ತದೆ. ಅವೆರಡೂ ಸಂಧಿಸುವ ಜಾಗದಲ್ಲಿ ಸಂಪರ್ಕವಾಯಿತು. ಉಜ್ಜಾಟವಿಲ್ಲದ್ದರಿಂದ ಸವೆತ ಕಡಿಮೆ, ಮಾತು ಸ್ವಚ್ಛ.

ಇದರ ಮಿದುಳಿಗೆ ಮಾರ್ಕರ್ ಎಂದು ಹೆಸರು. ರೈಲಿನ ಸ್ಟೇಷನ್ ಮಾಸ್ತರರು ಮುಂದಿನ ನಿಲ್ದಾಣದವರೆಗೆ ಹಳಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡೇ ಲೈನ್ ಕ್ಲಿಯರ್ ಕೊಡುತ್ತಾರಲ್ಲ, ಮಾರ್ಕರ್ ಕೂಡ ಹಾಗೇ. ಕರೆದವರಿಂದ ಕರೆಸಿಕೊಳ್ಳುವವರ ತನಕ ಒಂದು ಪೂರ್ತಿ ದಾರಿ ಖಾಲಿ ಇದೆಯೇ ಎಂದು ಮೊದಲು ನೋಡುತ್ತದೆ. ಇದ್ದರೆ ಒಂದೇ ಏಟಿಗೆ ಎಲ್ಲ ಜಾಲರಿಗಳನ್ನೂ ಮುಚ್ಚಿಸಿ, ಒಂದು ಸೆಕೆಂಡಿನೊಳಗೆ ಕೆಲಸ ಮುಗಿಸಿ, ಮುಂದಿನ ಕರೆಗೆ ಹೊರಟುಬಿಡುತ್ತದೆ. ಸ್ಟ್ರೋಜರಿನಂತೆ ದಾರಿ ತಡಕುತ್ತ ಹೋಗಿ ನಡುವೆ ಸಿಕ್ಕಿಕೊಳ್ಳುವುದಿಲ್ಲ. ದಾರಿ ಕೂಡಲಿಲ್ಲವೆಂದರೆ, 1948ರ ನಂತರದ ಮಾದರಿಯಲ್ಲಿ, ಏನೇನಾಯಿತು ಎಂಬುದನ್ನು ಒಂದು ಕಾರ್ಡಿನ ಮೇಲೆ ತೂತು ಹೊಡೆದು ದಾಖಲಿಸುವ ವ್ಯವಸ್ಥೆಯಿತ್ತು. ಬೆಳಗ್ಗೆ ಬಂದ ಟೆಕ್ನಿಷಿಯನ್ ಆ ಕಾರ್ಡು ಓದಿ ಯಾವ ರಿಲೇ ಕೈಕೊಟ್ಟಿದೆ ಎಂದು ಹುಡುಕುತ್ತಿದ್ದ. ತನ್ನ ತಪ್ಪನ್ನು ತಾನೇ ಬರೆದಿಡುವ ಯಂತ್ರ!

ಕ್ರಾಸ್‌ಬಾರ್ ಹೆಸರು ಕೇಳಿದರೆ ನಮ್ಮ ಇಲಾಖೆಯ ಹಳಬರ ಮುಖ ಈಗಲೂ ಸಣ್ಣದಾಗುತ್ತದೆ. 1960ರ ದಶಕದಲ್ಲಿ ಬೆಲ್ಜಿಯಂನ ಪೆಂಟಾಕಾಂಟಾ ಎಂಬ ಕ್ರಾಸ್‌ಬಾರ್ ಮಾದರಿಯನ್ನು ಭಾರತ ಆರಿಸಿಕೊಂಡಿತು, ಬೆಂಗಳೂರಿನಲ್ಲೇ ತಯಾರಿ ನಡೆಯಿತು. ಆದರೆ ನಗರಗಳಲ್ಲಿ ಅದು ತಿಣುಕಿತು. ಕಾರಣ ತಿಳಿಯಲು ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನನ್ನು ನೆನೆಯಬೇಕು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅವನು 1909ರಿಂದ ಒಂದು ಪ್ರಶ್ನೆಗೆ ಲೆಕ್ಕ ಕಟ್ಟಿದ. ಹತ್ತು ಸಾವಿರ ಫೋನುಗಳಿದ್ದರೆ ಐದು ಸಾವಿರ ಜೋಡಿ ಒಂದೇ ಗಳಿಗೆಯಲ್ಲಿ ಮಾತಾಡುವುದು ಎಂದಿಗೂ ಇಲ್ಲ. ಹಾಗಾದರೆ ನಡುವಿನ ದಾರಿಗಳು ಎಷ್ಟಿದ್ದರೆ ಸಾಕು? ತುಂಬ ಇಟ್ಟರೆ ದುಡ್ಡು ದಂಡ, ಕಡಿಮೆ ಇಟ್ಟರೆ ಜನ ಕಾಯಬೇಕು. ಒಂದು ಫೋನು ದಿನದ ಅತಿ ಬಿಸಿ ಗಂಟೆಯಲ್ಲಿ ಎಷ್ಟು ಹೊತ್ತು ಬಳಕೆಯಲ್ಲಿರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ದೂರವಾಣಿ ದಟ್ಟಣೆಯ ಮಾನಕ್ಕೆ ಇವತ್ತಿಗೂ ಅವನದೇ ಹೆಸರು.

ಯುರೋಪಿನ ಮನೆಯಲ್ಲಿ ಒಂದು ಫೋನನ್ನು ಒಂದು ಸಂಸಾರ ಬಳಸುತ್ತಿತ್ತು. ನಮ್ಮಲ್ಲಿ? ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಬೀದಿಗೊಂದು ಫೋನು, ಬೀದಿಯವರ ವಿಸಿಟಿಂಗ್ ಕಾರ್ಡಿನಲ್ಲೆಲ್ಲ ಅದೇ ನಂಬರು, ಮುಂದೆ ಪಿ.ಪಿ. ಎಂಬ ಎರಡಕ್ಷರ, ಅಂದರೆ ಫೋನು ಬೇರೆಯವರದು, ಇವರನ್ನು ಕರೆದು ಕೊಡಬೇಕು ಎಂದು. ಎದುರುಮನೆ ಮಾಮಿಯನ್ನು ಕರೆಯಲು ಹುಡುಗ ಓಡಿದರೆ ಅವರು ಒಲೆ ಆರಿಸಿ ಬರುವ ತನಕ ಲೈನು ಎತ್ತಿಟ್ಟೇ ಇರುತ್ತಿತ್ತು. ಅಂಗಡಿ, ಕಚೇರಿಗಳ ಫೋನಂತೂ ಕೆಳಗಿಡುತ್ತಲೇ ಇರಲಿಲ್ಲ. ಹಗುರ ದಟ್ಟಣೆಗೆಂದು ಮಾಡಿದ ಯಂತ್ರದ ಮೇಲೆ ಈ ಭಾರ ಬಿತ್ತು. ಲೈನು ಸಿಗದವರು ಸುಮ್ಮನಿರುತ್ತಾರೆಯೇ? ಮತ್ತೆ ಮತ್ತೆ ಡಯಲ್ ಮಾಡುತ್ತಾರೆ. ಪ್ರತಿ ಪ್ರಯತ್ನಕ್ಕೂ ಮಾರ್ಕರ್ ಓಡಿಬರಬೇಕು, ಕೂಡದ ಕರೆಗಳಿಗೇ ಅದರ ಹೊತ್ತೆಲ್ಲ ಹೋಗುತ್ತದೆ, ಕೂಡಬಹುದಾಗಿದ್ದ ಕರೆಯೂ ನಿಂತುಹೋಗುತ್ತದೆ. ಫೋನೆತ್ತಿ ಡಯಲ್ ಟೋನಿಗಾಗಿ ಕಾಯುತ್ತಿದ್ದ ಆ ಮೌನ ನೆನಪಿದೆಯಲ್ಲ, ಅದು ಯಾರೋ ಮೈಗಳ್ಳತನ ಮಾಡಿದ್ದರಿಂದ ಬಂದದ್ದೆಂದು ಜನ ಬೈಯುತ್ತಿದ್ದರು. ಅದರ ಬುಡದಲ್ಲಿ ಇದ್ದದ್ದು ಒಂದು ಲೆಕ್ಕ: ಆ ಯಂತ್ರ ನಮ್ಮ ಬೀದಿಗಳನ್ನು ಕಂಡಿರಲಿಲ್ಲ. ಆಮೇಲೆ ಇಲ್ಲಿನ ಎಂಜಿನಿಯರುಗಳೇ ಅದನ್ನು ನಮ್ಮ ದಟ್ಟಣೆಗೆ ತಕ್ಕಂತೆ ತಿದ್ದಿದರು.

ನಮ್ಮ ಬೀದಿಗಳನ್ನು ಕಂಡ ಯಂತ್ರ ಬಂದದ್ದು ಮುಂದೆ. 1984ರಲ್ಲಿ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಹುಟ್ಟಿತು. ಹಳ್ಳಿಗಳಿಗೆಂದೇ 128 ಪೋರ್ಟುಗಳ, ಅಂದರೆ ತಂತಿ ಕೂಡಿಸುವ ಜಾಗಗಳ, ಒಂದು ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ರೂಪಿಸಿತು. ವಿದೇಶಿ ಎಲೆಕ್ಟ್ರಾನಿಕ್ ಯಂತ್ರಗಳಿಗೆ ಏರ್ ಕಂಡಿಷನ್ ಕೋಣೆ ಬೇಕಿತ್ತು, ಇದಕ್ಕೆ ಬೇಡ. ಸೆಕೆ, ಧೂಳು ತಡೆಯುವಂತೆ ಕಟ್ಟಿದ್ದರು. ಮೊದಲನೆಯದನ್ನು 1986ರ ಜುಲೈಯಲ್ಲಿ ಹಾಕಿದ್ದು ನಮ್ಮ ಕಿತ್ತೂರಿನಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ಅದರೊಳಗೆ ನೋಡುವುದಕ್ಕೆ ಏನೂ ಇಲ್ಲ, ಹಸಿರು ಹಲಗೆಗಳ ಮೇಲೆ ಕಪ್ಪು ಚಿಪ್ಪುಗಳು ಅಷ್ಟೇ. ಗಮನಿಸುವುದು, ನೆನಪಿಡುವುದು, ಹುಡುಕುವುದು ಎಲ್ಲವೂ ಅಲ್ಲೂ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣುವ ಯಂತ್ರಗಳನ್ನು ಉಳಿಸಿಕೊಳ್ಳಬೇಕಾದದ್ದು ಇದಕ್ಕೇ. ಬೆಂಗಳೂರಿನಲ್ಲಿ ಮಾಡಿದ ಸ್ಟ್ರೋಜರ್ ಡಬ್ಬಿಗಳು ದೇಶದ ತುಂಬ ಇದ್ದವು, ಗುಜರಿಗೆ ಹೋದದ್ದು ಎಷ್ಟೋ. ನಾಲ್ಕು ಡಬ್ಬಿ, ಎರಡು ಫೋನು, ಒಂದು ಬ್ಯಾಟರಿ ಇದ್ದರೆ ಒಂದು ಶಾಲೆಯ ಮಕ್ಕಳಿಗೆ ಇದೆಲ್ಲ ಅರ್ಥವಾಗುತ್ತದೆ.

ಸಂಜೆಯಾಗುತ್ತ ಬಂದಿತ್ತು. ಮೊಮ್ಮಗಳಿಗೆ ಎಂಟು ವರ್ಷ. ಸ್ಟ್ರೋಜರ್ ಡಬ್ಬಿಗಳ ಹತ್ತಿರದ ಕಪ್ಪು ಫೋನಿನಿಂದ ಡಯಲ್ ಮಾಡಿ ಮಾಡಿ ಅವಳ ತೋರುಬೆರಳು ಕೆಂಪಾಗಿತ್ತು. ಸರಳು ಏರಿತು, ತಿರುಗಿತು, ನಿಂತಿತು. ಆದರೆ ಆಚೆಯ ಫೋನು ರಿಂಗಾಗಲಿಲ್ಲ. ಅವಳ ಅಪ್ಪ ಅದರಲ್ಲಿ ಬೇರೆ ಯಾರೊಂದಿಗೋ ಮಾತಾಡುತ್ತಿದ್ದರು. ಕಿವಿಯಲ್ಲಿ ಪೀಂ, ಪೀಂ ಸದ್ದು.

"ಅಜ್ಜಿ, ಎಂಗೇಜ್ ಅಂತ ಇದಕ್ಕೆ ಹೆಂಗೆ ಗೊತ್ತಾಯ್ತು? ಕಣ್ಣೇ ಇಲ್ವಲ್ಲ."

ಆ ಒಂದು ಪ್ರಶ್ನೆಗೆ ಮಾತ್ರ ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಪಕ್ಕದಲ್ಲೇ ಹಳೆಯ ಆಪರೇಟರ್ ಬೋರ್ಡೊಂದಿತ್ತು. ಅವಳನ್ನು ಕುರ್ಚಿಯ ಮೇಲೆ ಹತ್ತಿಸಿ ಪ್ಲಗ್ಗನ್ನು ಕೈಗೆ ಕೊಟ್ಟೆ. ನೋಡು, ಇದರಲ್ಲಿ ಮೂರು ಭಾಗ ಇದೆ. ತುದಿ, ಉಂಗುರ, ತೋಳು. ಮಾತು ಹೋಗೋದು ತುದಿ, ಉಂಗುರದಲ್ಲಿ. ಈ ತೋಳು ಮಾತಿಗಲ್ಲ. ಜಿಲ್ಲಾ ಕೇಂದ್ರದ ದೊಡ್ಡ ಬೋರ್ಡಿನಲ್ಲಿ ಒಂದೇ ಮನೆಯ ಜಾಕು ಮೂರು ನಾಲ್ಕು ಕಡೆ ಇರುತ್ತಿತ್ತು, ಒಬ್ಬೊಬ್ಬ ಆಪರೇಟರ್ ಮುಂದೆ ಒಂದೊಂದು. ಆ ಕಡೆಯವಳು ಆಗಲೇ ಪ್ಲಗ್ ಚುಚ್ಚಿದ್ದಾಳೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಚುಚ್ಚುವ ಮುಂಚೆ ಪ್ಲಗ್ಗಿನ ತುದಿಯನ್ನು ಜಾಕಿನ ಅಂಚಿಗೆ ಹೀಗೆ ತಾಗಿಸುತ್ತಿದ್ದೆ. ಬೇರೆಯವಳು ಚುಚ್ಚಿದ್ದರೆ ಆ ಮೂರನೇ ತಂತಿಯಲ್ಲಿ ವಿದ್ಯುತ್ ಇರುತ್ತಿತ್ತು, ಕಿವಿಯಲ್ಲಿ ಟಿಕ್ ಅನ್ನುತ್ತಿತ್ತು. ಸದ್ದಿಲ್ಲದಿದ್ದರೆ ಖಾಲಿ.

ಅವಳನ್ನು ಮತ್ತೆ ಡಬ್ಬಿಯ ಬಳಿಗೆ ಕರೆದುಕೊಂಡು ಹೋಗಿ ಸರಳಿಗೆ ಅಂಟಿದ ಲೋಹದ ನಾಲಿಗೆಗಳನ್ನು ತೋರಿಸಿದೆ. ಮಾತಿಗೆ ಎರಡು. ಮೇಲೆ, ಬೇರೆಯಾಗಿ, ಇನ್ನೊಂದು. ಅದು ಮೂರನೇ ತಂತಿಯನ್ನು ಮುಟ್ಟಿ ನೋಡುತ್ತದೆ.

ಅವಳು ಮತ್ತೆ ಡಯಲ್ ಮಾಡಿದಳು. ಸರಳು ಏರಿತು, ತಿರುಗಿತು. ಈ ಸಲ ಅವಳ ಅಪ್ಪ ಫೋನಿಟ್ಟಿದ್ದರು. ಮೇಲಿನ ನಾಲಿಗೆ ತನ್ನ ತಂತಿಯನ್ನು ಮುಟ್ಟಿತು, ಅಲ್ಲಿ ಏನೂ ಇರಲಿಲ್ಲ, ಕೋಣೆಯ ಆಚೆ ತುದಿಯಲ್ಲಿ ಗಂಟೆ ಬಾರಿಸಿತು.